ಮನೆಯ ರೂಟರ್‌ನಲ್ಲಿ ದಟ್ಟಣೆಯ ಆದ್ಯತೆ

ಒಂದು ಮನೆಯ ಫೋನು, ಲ್ಯಾಪ್‌ಟಾಪು, ಟಿವಿ, ಕ್ಯಾಮೆರಾಗಳೆಲ್ಲ ಒಂದೇ ಇಂಟರ್ನೆಟ್ ಸಂಪರ್ಕದ ಮೇಲೆ ನಡೆಯುವಾಗ ಯಾವ ದತ್ತಾಂಶ ಮೊದಲು ಹೊರಡಬೇಕು, ಯಾವುದು ಕಾಯಬೇಕು ಎಂದು ರೂಟರ್‌ನಲ್ಲೇ ಗೊತ್ತುಮಾಡಿಡುವ ಏರ್ಪಾಡು. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ಇದು ಸಾಮಾನ್ಯವಾಗಿ ಕ್ಯುಒಎಸ್, ಅಂದರೆ ಕ್ವಾಲಿಟಿ ಆಫ್ ಸರ್ವೀಸ್, ಎಂಬ ಹೆಸರಿನಡಿ ಸಿಗುತ್ತದೆ. ಆದ್ಯತೆ ಕೊಟ್ಟ ಮಾತ್ರಕ್ಕೆ ಸಂಪರ್ಕದ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ಇರುವ ವೇಗದಲ್ಲಿ ಕಾಯುವ ಕಷ್ಟ ಯಾರ ಪಾಲಿಗೆ ಬೀಳಬೇಕು ಎಂಬುದಷ್ಟೇ ಬದಲಾಗುತ್ತದೆ. ಲೈನ್ ಖಾಲಿ ಇದ್ದಾಗ ಈ ಸೆಟ್ಟಿಂಗ್‌ಗೆ ಕೆಲಸವೇ ಇಲ್ಲ; ಲೈನ್ ತುಂಬಿದ ಗಳಿಗೆಯಲ್ಲಿ ಮಾತ್ರ ಅದರ ಗುಣದೋಷ ಕಾಣುತ್ತದೆ. ಇದನ್ನು ವೇಗ ಹೆಚ್ಚಿಸುವ ಗುಂಡಿ ಎಂದುಕೊಂಡು ಒತ್ತಿದವರಿಗೆ ನಿರಾಸೆಯಾಗುವುದು ಖಂಡಿತ.

ಸರದಿ ಕಟ್ಟುವ ಜಾಗ

ಇಂಟರ್ನೆಟ್‌ನಲ್ಲಿ ದತ್ತಾಂಶ ಸಾಗುವುದು ಪ್ಯಾಕೆಟ್‌ಗಳಾಗಿ. ಒಂದೊಂದು ಪ್ಯಾಕೆಟ್ ಹೆಚ್ಚೆಂದರೆ ಸುಮಾರು 1,500 ಬೈಟ್. ಮನೆಯೊಳಗಿನ ಕೇಬಲ್ ಅಥವಾ ವೈಫೈ ಸೆಕೆಂಡಿಗೆ ನೂರಾರು ಮೆಗಾಬಿಟ್ ತಂದು ಸುರಿಯಬಲ್ಲದು. ಹೊರಗೆ ಹೋಗುವ ಲೈನ್ ಅಷ್ಟು ಅಗಲವಿರುವುದಿಲ್ಲ. ಬಂದಷ್ಟು ಬೇಗ ಕಳಿಸಲಾಗದ ಪ್ಯಾಕೆಟ್‌ಗಳನ್ನು ರೂಟರ್ ಅಥವಾ ಮೋಡೆಮ್ ತನ್ನ ಮೆಮೊರಿಯಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತದೆ. ಆ ಜಾಗಕ್ಕೆ ಬಫರ್ ಎಂದು ಹೆಸರು. ಆದ್ಯತೆಯೆಂಬುದೆಲ್ಲ ನಡೆಯುವುದು ಈ ಸಾಲಿನಲ್ಲೇ.

ಲೆಕ್ಕ ಹಾಕಿ ನೋಡಿದರೆ ತೊಂದರೆಯ ಗಾತ್ರ ತಿಳಿಯುತ್ತದೆ. ಅಪ್‌ಲೋಡ್ ವೇಗ 1 ಎಂಬಿಪಿಎಸ್ ಇರುವ ಎಡಿಎಸ್‌ಎಲ್ ಲೈನ್, ಅದರ ಮೋಡೆಮ್‌ನಲ್ಲಿ 256 ಕಿಲೋಬೈಟ್ ಬಫರ್ ಇದೆ ಎಂದುಕೊಳ್ಳೋಣ. ಮನೆಯ ಒಂದು ಫೋನು ಮದುವೆಯ ಫೋಟೊಗಳನ್ನು ಕ್ಲೌಡ್‌ಗೆ ಏರಿಸತೊಡಗಿದೆ. ಕೆಲವೇ ಕ್ಷಣದಲ್ಲಿ ಬಫರ್ ತುಂಬುತ್ತದೆ. ತುಂಬಿದ ಬಫರ್ ಖಾಲಿಯಾಗಲು 2 ಸೆಕೆಂಡಿಗೂ ತುಸು ಹೆಚ್ಚು ಬೇಕು. ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ ಯಾರೋ ಇಂಟರ್ನೆಟ್ ಕರೆ ಮಾಡಿ ಹಲೋ ಎಂದರೆ, ಆ ಹಲೋ ಹೊತ್ತ ಪ್ಯಾಕೆಟ್ ಫೋಟೊಗಳ ಹಿಂದೆ 2 ಸೆಕೆಂಡು ನಿಂತು ಆಮೇಲೆ ಮನೆಯಿಂದ ಹೊರಡುತ್ತದೆ. ಫೋನಿನಲ್ಲಿ ಮಾತಾಡುವಾಗ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಬಹುಪಾಲು ಜನರಿಗೆ ಅದು ಗಮನಕ್ಕೇ ಬರುವುದಿಲ್ಲ, 400 ದಾಟಬಾರದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಇಲ್ಲಿ ಆ 400ರ ಐದು ಪಟ್ಟು ಮನೆಯೊಳಗೇ ಕಳೆದುಹೋಯಿತು. ಇಬ್ಬರೂ ಒಟ್ಟಿಗೆ ಮಾತಾಡುವುದು, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು, ಕೊನೆಗೆ ಫೋನ್ ಇಡುವುದು ಇದರ ಫಲ.

ಗಮನಿಸಬೇಕಾದ್ದು, ಕರೆಗೆ ಬೇಕಾದ ಜಾಗ ಅತ್ಯಲ್ಪ. ಜಿ.711 ಎಂಬ ಹಳೆಯ ಧ್ವನಿ ವಿಧಾನದಲ್ಲೂ ಸೆಕೆಂಡಿಗೆ 50 ಪ್ಯಾಕೆಟ್, ವಿಳಾಸದ ಭಾಗವೂ ಸೇರಿ ಒಂದೊಂದು 200 ಬೈಟ್, ಒಟ್ಟು 80 ಕೆಬಿಪಿಎಸ್. ಆ ಬಡ ಲೈನ್‌ನಲ್ಲಿ ಕೂಡ ಹನ್ನೆರಡರಲ್ಲಿ ಒಂದು ಪಾಲಿಗಿಂತ ಕಡಿಮೆ. ಫೋಟೊಗಳಿಗೆ ಒಂದು ನಿಮಿಷ ತಡವಾದರೆ ಯಾರಿಗೂ ತಿಳಿಯುವುದಿಲ್ಲ. ಕರೆಯ ಪ್ಯಾಕೆಟ್‌ಗೆ ಅರ್ಧ ಸೆಕೆಂಡು ತಡವಾದರೆ ಅದು ಬಂದೂ ವ್ಯರ್ಥ. ಆದ್ಯತೆ ಎಂಬ ಕಲ್ಪನೆ ನಿಂತಿರುವುದೇ ಈ ವ್ಯತ್ಯಾಸದ ಮೇಲೆ: ಬೇಗ ಬೇಕಾದವುಗಳಿಗೆ ಹೆಚ್ಚು ಜಾಗ ಬೇಡ, ಹೆಚ್ಚು ಜಾಗ ಬೇಕಾದವುಗಳಿಗೆ ಅವಸರವಿಲ್ಲ.

ಇದೇ 256 ಕಿಲೋಬೈಟ್ 100 ಎಂಬಿಪಿಎಸ್ ಲೈನ್‌ನಲ್ಲಿ 21 ಮಿಲಿಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಹಾಗಾಗಿ ಲೈನ್ ಅಗಲವಾದಂತೆ ಆದ್ಯತೆಯ ಅಗತ್ಯ ಕುಗ್ಗುತ್ತದೆ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512 ಕೆಬಿಪಿಎಸ್, 2023ರಲ್ಲಿ 2 ಎಂಬಿಪಿಎಸ್ ಎಂದು ಗೊತ್ತುಮಾಡಲಾಯಿತು. ಫೈಬರ್ ಬಂದ ನಗರಗಳಲ್ಲಿ ಇದರ ಹತ್ತಾರು ಪಟ್ಟು ಸಿಗುತ್ತಿದೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಮಲೆನಾಡಿನ, ಕರಾವಳಿಯ ಊರುಗಳಿಗೆ ಮರಳಿ ಅಲ್ಲಿಂದಲೇ ಕೆಲಸ ಮಾಡಿದವರ ಅನುಭವ ಬೇರೆ. ಮೊಬೈಲ್ ಸಿಗ್ನಲ್ ಅಥವಾ ತಾಮ್ರದ ತಂತಿಯೊಂದೇ ಗತಿಯಾಗಿರುವ ಮನೆಗಳಲ್ಲಿ ಒಬ್ಬರ ಮೀಟಿಂಗು, ಇನ್ನೊಬ್ಬರ ತರಗತಿ ಒಂದೇ ಹೊತ್ತಿಗೆ ಬಂದಾಗ ಈ ಸೆಟ್ಟಿಂಗ್ ಇಂದಿಗೂ ನಿಜವಾದ ಉಪಕಾರ ಮಾಡುತ್ತದೆ.

ಇತಿಹಾಸ

ಆದ್ಯತೆಯ ವಿಚಾರ ಇಂಟರ್ನೆಟ್‌ನಷ್ಟೇ ಹಳೆಯದು. 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಐಪಿ ನಿಯಮಾವಳಿ, ಆರ್‌ಎಫ್‌ಸಿ 791, ಪ್ರತಿ ಪ್ಯಾಕೆಟ್‌ನಲ್ಲೂ ಒಂದು ಬೈಟನ್ನು ಸೇವೆಯ ಬಗೆಯನ್ನು ಸೂಚಿಸಲು ಮೀಸಲಿಟ್ಟಿತು. ಅದರ ಮೂರು ಬಿಟ್‌ಗಳಲ್ಲಿ ಎಂಟು ಹಂತಗಳು. ರೊಟೀನ್, ಪ್ರಯಾರಿಟಿ, ಇಮ್ಮೀಡಿಯೆಟ್, ಫ್ಲ್ಯಾಶ್ ಎಂಬಂಥ ಅವುಗಳ ಹೆಸರುಗಳು ಅಮೆರಿಕದ ಸೇನೆಯ ಸಂದೇಶ ವ್ಯವಸ್ಥೆಯಿಂದ ಬಂದವು. ಹೆಸರಿಟ್ಟರೂ ಬಳಕೆ ಅಷ್ಟಕ್ಕಷ್ಟೇ ಇತ್ತು. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವೆ, ಬರೀ 400 ಗಜದ ಅಂತರದಲ್ಲಿ, ದತ್ತಾಂಶದ ವೇಗ 32 ಕೆಬಿಪಿಎಸ್‌ನಿಂದ 40 ಬಿಪಿಎಸ್‌ಗೆ ಕುಸಿಯಿತು. ಎಲ್ಲರೂ ಒಟ್ಟಿಗೆ ಕಳಿಸುತ್ತ, ತಲುಪದ್ದನ್ನು ಮತ್ತೆ ಮತ್ತೆ ಕಳಿಸುತ್ತ ಹೋದದ್ದೇ ಕಾರಣ. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದಿಂದ ಟಿಸಿಪಿ ಎಂಬ ಸಾಗಣೆ ನಿಯಮ ಬಳಸುವ ಸಂಪರ್ಕಗಳು ಪ್ಯಾಕೆಟ್ ಕಳೆದುಹೋದದ್ದನ್ನು ದಟ್ಟಣೆಯ ಸೂಚನೆ ಎಂದು ತಿಳಿದು ತಾವಾಗಿ ವೇಗ ತಗ್ಗಿಸಲು ಕಲಿತವು. ಇಂದಿನ ಮನೆಯ ರೂಟರ್‌ಗಳು ಡೌನ್‌ಲೋಡನ್ನು ಹದ್ದಿನಲ್ಲಿಡುವುದು ಇದೇ ಗುಣವನ್ನು ಬಳಸಿಕೊಂಡು.

ಬೇರೊಂದು ದಾರಿಯನ್ನು ಜಾನ್ ನೇಗಲ್ 1985ರಲ್ಲೇ ತೋರಿಸಿದ್ದರು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಬದಲು ಒಬ್ಬೊಬ್ಬರಿಗೂ ಒಂದೊಂದು ಸಾಲು ಮಾಡಿ, ಸಾಲಿಗೊಂದರಂತೆ ಪ್ಯಾಕೆಟ್ ಎತ್ತಿಕೊಳ್ಳುವ ನ್ಯಾಯದ ಸರದಿ ಅದು. ಡೆಮರ್ಸ್, ಕೇಶವ್ ಮತ್ತು ಶೆಂಕರ್ 1989ರಲ್ಲಿ ಅದಕ್ಕೆ ಗಟ್ಟಿಯಾದ ಗಣಿತ ಒದಗಿಸಿದರು. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ 1995ರಲ್ಲಿ ಅಗ್ಗದ ಯಂತ್ರದಲ್ಲೂ ನಡೆಯುವಂತೆ ಅದನ್ನು ಸರಳಗೊಳಿಸಿದರು. 1998ರ ಡಿಸೆಂಬರ್‌ನಲ್ಲಿ ಐಪಿಯ ಆ ಹಳೆಯ ಬೈಟ್ ಹೊಸ ರೂಪ ತಾಳಿತು. ಆರು ಬಿಟ್, 64 ಗುರುತು. ಇದಕ್ಕೆ ಡಿಎಸ್‌ಸಿಪಿ ಎಂದು ಹೆಸರು. ಧ್ವನಿಗೆ ಸಾಮಾನ್ಯವಾಗಿ ಬಳಸುವ ಗುರುತು 46.

ಇದೆಲ್ಲ ಕಂಪನಿಗಳ, ವಿಶ್ವವಿದ್ಯಾಲಯಗಳ ದೊಡ್ಡ ಯಂತ್ರಗಳ ಮಾತು. ಮನೆಯೊಳಗೆ ಬಂದದ್ದು ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೂಟರ್‌ನಿಂದ. 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಅದರೊಳಗೆ ಲಿನಕ್ಸ್ ಇತ್ತು. ಪರವಾನಗಿಯ ಷರತ್ತಿನಂತೆ 2003ರಲ್ಲಿ ಅದರ ಮೂಲ ಸಂಕೇತ ಹೊರಬಿದ್ದಾಗ ಓಪನ್‌ಡಬ್ಲ್ಯುಆರ್‌ಟಿ, ಡಿಡಿ-ಡಬ್ಲ್ಯುಆರ್‌ಟಿ, ಟೊಮ್ಯಾಟೊ ಎಂಬ ಬದಲಿ ಫರ್ಮ್‌ವೇರ್‌ಗಳು ಹುಟ್ಟಿಕೊಂಡವು. ಲಿನಕ್ಸ್‌ನಲ್ಲಿ ಮಾರ್ಟಿನ್ ಡೆವೆರಾ ಬರೆದ ಎಚ್‌ಟಿಬಿ ಎಂಬ ಹಂಚಿಕೆ ವಿಧಾನ ಹೀಗೆ ಸಾಮಾನ್ಯರ ಕೈಗೆ ಸಿಕ್ಕಿತು. ಮನೆಯವರೇ ಆದ್ಯತೆ ಹೊಂದಿಸುವ ಅಭ್ಯಾಸ ಬೆಳೆದದ್ದು ಈ ಹವ್ಯಾಸಿಗಳಿಂದ ಎಂಬುದನ್ನು ಕೃತಜ್ಞತೆಯಿಂದಲೇ ನೆನೆಯಬೇಕು.

ಹಂತಗಳು

ತಯಾರಕರು ಹಂತಗಳಿಗೆ ತಮ್ಮ ತಮ್ಮ ಹೆಸರು ಇಟ್ಟಿದ್ದಾರೆ. ಡಿಡಿ-ಡಬ್ಲ್ಯುಆರ್‌ಟಿಯಲ್ಲಿ ಮ್ಯಾಕ್ಸಿಮಮ್, ಪ್ರೀಮಿಯಂ, ಎಕ್ಸ್‌ಪ್ರೆಸ್, ಸ್ಟ್ಯಾಂಡರ್ಡ್, ಬಲ್ಕ್ ಎಂದು ಐದು. ಆಸುಸ್ ರೂಟರ್‌ಗಳ ಹಳೆಯ ಮಾದರಿಯ ಕ್ಯುಒಎಸ್‌ನಲ್ಲಿ ಹೈಯೆಸ್ಟ್‌ನಿಂದ ಲೋಯೆಸ್ಟ್‌ವರೆಗೆ ಐದು. ಕೆಲವು ಅಗ್ಗದ ರೂಟರ್‌ಗಳಲ್ಲಿ ಸಾಧನದ ಹೆಸರಿನ ಪಕ್ಕ ಒಂದು ಸ್ವಿಚ್ ಮಾತ್ರ ಇರುತ್ತದೆ.

ಹೆಸರಿಗಿಂತ ಮುಖ್ಯ, ಒಳಗೆ ನಡೆಯುವುದೇನು ಎಂಬುದು. ಮೇಲಿನ ಹಂತದಲ್ಲಿ ಒಂದು ಪ್ಯಾಕೆಟ್ ಇರುವ ತನಕ ಕೆಳಗಿನವರನ್ನು ಮುಟ್ಟುವುದೇ ಇಲ್ಲ ಎನ್ನುವುದು ಕಟ್ಟುನಿಟ್ಟಿನ ಆದ್ಯತೆ. ಮೇಲಿನ ಹಂತದಲ್ಲಿ ಕರೆಗಳಷ್ಟೇ ಇದ್ದರೆ ಇದು ಚೆನ್ನ. ಅಲ್ಲಿ ಯಾರಾದರೂ ದೊಡ್ಡ ಡೌನ್‌ಲೋಡ್ ಕೂರಿಸಿದರೆ ಉಳಿದವರೆಲ್ಲ ಉಪವಾಸ. ಎಚ್‌ಟಿಬಿಯಂಥ ವಿಧಾನದಲ್ಲಿ ಪ್ರತಿ ಹಂತಕ್ಕೂ ಒಂದು ಖಾತರಿ ಪಾಲು, ಒಂದು ಮೇಲ್ಮಿತಿ. ತನ್ನ ಪಾಲು ಬಳಸದೆ ಉಳಿದರೆ ಬೇರೆಯವರು ಸಾಲ ಪಡೆಯಬಹುದು. ಎಲ್ಲ ಸಾಧನಗಳನ್ನೂ ಹೈಯೆಸ್ಟ್‌ಗೆ ಏರಿಸುವವರಿದ್ದಾರೆ. ಆಗ ಯಾರಿಗೂ ಆದ್ಯತೆ ಇಲ್ಲದಂತಾಗಿ ಮೊದಲಿನ ಸ್ಥಿತಿಗೇ ಬರುತ್ತದೆ. ಮೇಲಕ್ಕೆ ಒಂದೆರಡನ್ನು ಏರಿಸುವುದಕ್ಕಿಂತ ಅವಸರವಿಲ್ಲದ ಬ್ಯಾಕಪ್, ಟೊರೆಂಟ್, ಸಾಫ್ಟ್‌ವೇರ್ ಅಪ್‌ಡೇಟ್‌ಗಳನ್ನು ತಳದ ಹಂತಕ್ಕೆ ಇಳಿಸುವುದೇ ಹೆಚ್ಚು ಫಲ ಕೊಡುವ ಉಪಾಯ.

ಯಾವುದು ಯಾವುದೆಂದು ಗುರುತಿಸುವುದು

ರೂಟರ್‌ಗೆ ಪ್ಯಾಕೆಟ್ ನೋಡಿ ಅದರ ಮಹತ್ವ ತಿಳಿಯಬೇಕು. ಅತಿ ಸುಲಭದ್ದು ಸಾಧನದ ಗುರುತು, ಅಂದರೆ ಮ್ಯಾಕ್ ವಿಳಾಸ. ಕಷ್ಟವೆಂದರೆ ಮಗಳ ಆನ್‌ಲೈನ್ ತರಗತಿಗೆಂದು ಆದ್ಯತೆ ಕೊಟ್ಟ ಲ್ಯಾಪ್‌ಟಾಪೇ ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟ್ ಇಳಿಸತೊಡಗಬಹುದು, ಆ ಅಪ್‌ಡೇಟಿಗೂ ಅದೇ ಮರ್ಯಾದೆ ಸಿಗುತ್ತದೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸದ ಬದಲು ಒಂದೊಂದು ವೈಫೈಗೆ ಒಂದೊಂದು ಹುಸಿ ವಿಳಾಸ ಕೊಡುತ್ತವೆ. ಖಾಸಗಿತನಕ್ಕೆ ಇದು ಒಳ್ಳೆಯದೇ. ಆದರೆ ವೈಫೈಯನ್ನು ಮರೆತು ಮತ್ತೆ ಸೇರಿಸುವುದೇ ಮುಂತಾದ ಸಂದರ್ಭಗಳಲ್ಲಿ ಆ ವಿಳಾಸ ಬದಲಾದರೆ ರೂಟರ್‌ನಲ್ಲಿ ಬರೆದಿಟ್ಟ ನಿಯಮ ಯಾರಿಗೂ ತಿಳಿಯದಂತೆ ನಿಷ್ಪ್ರಯೋಜಕವಾಗುತ್ತದೆ. ಮನೆಯ ವೈಫೈಗೆ ಮಾತ್ರ ಆ ಸೌಲಭ್ಯವನ್ನು ನಿಲ್ಲಿಸಿಡುವುದು ಪರಿಹಾರ.

ಎರಡನೆಯದು ಪೋರ್ಟ್ ಸಂಖ್ಯೆ. ಝೂಮ್‌ನ ದೃಶ್ಯ-ಧ್ವನಿ ಯುಡಿಪಿ 8801ರಿಂದ 8810ರವರೆಗಿನ ಪೋರ್ಟ್‌ಗಳಲ್ಲಿ, ಮೈಕ್ರೋಸಾಫ್ಟ್ ಟೀಮ್ಸ್‌ನದು 3478ರಿಂದ 3481ರಲ್ಲಿ ಸಾಗುತ್ತದೆ. ಇವುಗಳಿಗೆ ನಿಯಮ ಬರೆದರೆ ಸಾಧನ ಯಾವುದಾದರೂ ಕರೆಗೆ ಮಾತ್ರ ಆದ್ಯತೆ ಸಿಗುತ್ತದೆ. ಉಳಿದ ಬಹುಪಾಲು ಇಂಟರ್ನೆಟ್, ಸಿನಿಮಾ ಇರಲಿ ಬ್ಯಾಂಕ್ ಪುಟವಿರಲಿ, 443 ಎಂಬ ಒಂದೇ ಪೋರ್ಟ್‌ನಲ್ಲಿ ಗೂಢಲಿಪಿಯಲ್ಲಿ ಹೋಗುವುದರಿಂದ ಅಲ್ಲಿ ಈ ವಿಧಾನ ಕುರುಡು. ಪ್ಯಾಕೆಟ್‌ನ ಒಳಗೆ ಇಣುಕಿ ಆ್ಯಪ್ ಪತ್ತೆಮಾಡುತ್ತೇವೆ ಎನ್ನುವ ರೂಟರ್‌ಗಳಿವೆ. 2021ರಲ್ಲಿ ಪ್ರಮಾಣಿತವಾದ ಕ್ವಿಕ್ ವಿಧಾನ ಸಂಪರ್ಕದ ಬಹುಪಾಲು ವಿವರಗಳನ್ನೂ ಮುಚ್ಚಿಡುವುದರಿಂದ ಆ ಪತ್ತೆ ಕೆಲಸ ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತಿದೆ. ಮೂರನೆಯದಾದ ಡಿಎಸ್‌ಸಿಪಿ ಗುರುತನ್ನು ಕಳಿಸುವ ಆ್ಯಪೇ ಹಚ್ಚಬೇಕು. ಮನೆಯ ಐಪಿ ಫೋನು, ಕೆಲವು ಕರೆ ಆ್ಯಪ್‌ಗಳು ಹಚ್ಚುತ್ತವೆ. ಆದರೆ ಸೇವಾ ಸಂಸ್ಥೆಯ ಜಾಲ ದಾಟುವಾಗ ಅದು ಅಳಿಸಿಹೋಗುವುದು ಸಾಮಾನ್ಯ.

ಹೊಂದಿಸುವ ಕ್ರಮ

ಇಡೀ ವಿಷಯದಲ್ಲಿ ಅತಿ ಹೆಚ್ಚು ಮನೆಗಳಲ್ಲಿ ತಪ್ಪುವುದು ಹಂತಗಳ ಆಯ್ಕೆಯಲ್ಲ, ಮೇಲೆ ಹೇಳಿದ ಸಾಲು ಕಟ್ಟುವ ಜಾಗ. ಆದ್ಯತೆಯ ನಿಯಮ ರೂಟರ್‌ನಲ್ಲಿದೆ, ಸಾಲು ಕಟ್ಟುತ್ತಿರುವುದು ಅದರಾಚೆಯ ಮೋಡೆಮ್‌ನಲ್ಲೋ ಸೇವಾ ಸಂಸ್ಥೆಯ ಯಂತ್ರದಲ್ಲೋ ಎಂದಾದರೆ ನಿಯಮದಿಂದ ಏನೂ ಆಗದು. ಶಿರಾಡಿ ಘಾಟಿಯಲ್ಲಿ ಲಾರಿಗಳು ಸಿಕ್ಕಿಬಿದ್ದಿರುವಾಗ ಹಾಸನದ ವೃತ್ತದಲ್ಲಿ ಆಂಬುಲೆನ್ಸಿಗೆ ದಾರಿ ಬಿಟ್ಟರೆ ಅದು ಮಂಗಳೂರನ್ನು ಬೇಗ ತಲುಪುವುದಿಲ್ಲ. ಆದ್ದರಿಂದ ರೂಟರ್‌ಗೆ ಲೈನ್‌ನ ನಿಜವಾದ ವೇಗಕ್ಕಿಂತ ಕೊಂಚ ಕಡಿಮೆ ಅಂಕಿ ಹೇಳಿ, ಅದರ ಮೇಲೆ ಕಳಿಸದಂತೆ ಕಟ್ಟುಹಾಕಬೇಕು. ಆಗ ಸಾಲು ಮೋಡೆಮ್‌ನಿಂದ ರೂಟರ್‌ಗೆ ಬಂದು ನಿಲ್ಲುತ್ತದೆ, ನಿಯಮಕ್ಕೆ ಬಲ ಬರುತ್ತದೆ. ಅಳೆದ ವೇಗದ ಶೇ 85ರಿಂದ 95ರಷ್ಟು ರೂಢಿಯ ಅಂಕಿ. ಆ ಉಳಿದ ಪಾಲನ್ನು ಬಿಟ್ಟುಕೊಡಲು ಮನಸ್ಸು ಬಾರದೆ ಪೂರ್ತಿ ಅಂಕಿ ತುಂಬಿದವರಿಗೆ ಕ್ಯುಒಎಸ್ ಕೆಲಸ ಮಾಡುವುದಿಲ್ಲ ಎಂದೇ ಅನಿಸುತ್ತದೆ.

ಪ್ಲಾನ್‌ನಲ್ಲಿ ಬರೆದ ವೇಗವನ್ನು ನಂಬದೆ ಲ್ಯಾಪ್‌ಟಾಪನ್ನು ರೂಟರ್‌ಗೆ ಕೇಬಲ್‌ನಿಂದ ಜೋಡಿಸಿ, ಬೇರೆ ಬಳಕೆ ನಿಲ್ಲಿಸಿ, ಬೆಳಗ್ಗೆ ಒಮ್ಮೆ, ರಾತ್ರಿ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಒಮ್ಮೆ ವೇಗ ಅಳೆಯಬೇಕು. ಆಮೇಲೆ ಒಂದು ಕಿಟಕಿಯಲ್ಲಿ 8.8.8.8ರಂಥ ವಿಳಾಸಕ್ಕೆ ಹೋಗಿಬರುವ ಸಮಯ ಅಳೆಯುವ ಪಿಂಗ್ ಓಡುತ್ತಿರಲಿ, ಇನ್ನೊಂದರಲ್ಲಿ ದೊಡ್ಡ ವಿಡಿಯೊ ಫೈಲೊಂದು ಕ್ಲೌಡ್‌ಗೆ ಏರುತ್ತಿರಲಿ. ಸುಮ್ಮನಿದ್ದಾಗ 20 ಮಿಲಿಸೆಕೆಂಡು ಇದ್ದ ಪಿಂಗ್ ಆಗ 25ಕ್ಕೆ ಏರಿದರೆ ಆ ಮನೆಗೆ ಯಾವ ಸೆಟ್ಟಿಂಗೂ ಬೇಡ. 400ಕ್ಕೋ 800ಕ್ಕೋ ಜಿಗಿದರೆ ರೋಗ ಪತ್ತೆಯಾಯಿತು. ಆ್ಯಪಲ್ 2021ರ ಮ್ಯಾಕ್‌ಒಎಸ್ ಮಾಂಟರೆಯಲ್ಲಿ ಇಂಥದ್ದೇ ಅಳತೆಯನ್ನು ನೆಟ್‌ವರ್ಕ್‌ಕ್ವಾಲಿಟಿ ಎಂಬ ಆದೇಶವಾಗಿ ಸೇರಿಸಿದೆ.

ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ತೆರೆದು ಸೆಟ್ಟಿಂಗ್ ಪುಟಕ್ಕೆ ಹೋಗುವುದು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಅಪ್‌ಲೋಡ್ ಅಂಕಿಯನ್ನು ಮೊದಲು ತುಂಬಿ ಪಿಂಗ್ ನೋಡಬೇಕು, ಏರುತ್ತಿದ್ದರೆ ಇನ್ನಷ್ಟು ಇಳಿಸಬೇಕು. ಡೌನ್‌ಲೋಡ್ ಆಮೇಲೆ. ಬರುವ ಪ್ಯಾಕೆಟ್‌ಗಳ ಸಾಲು ಇರುವುದು ಸೇವಾ ಸಂಸ್ಥೆಯ ಕಡೆ. ರೂಟರ್ ಅವನ್ನು ಬೇಕೆಂದೇ ತಡೆದಾಗ ಅಥವಾ ಕೆಲವನ್ನು ಬಿಟ್ಟುಬಿಟ್ಟಾಗ ಆ ತುದಿಯ ಸರ್ವರ್ ವೇಗ ತಗ್ಗಿಸುತ್ತದೆ. ಇದು ಪರೋಕ್ಷ ಹಿಡಿತವಾದ್ದರಿಂದ ಇಲ್ಲಿ ಇನ್ನೂ ಹೆಚ್ಚಿನ ಪಾಲು ಬಿಟ್ಟುಕೊಡಬೇಕಾಗಬಹುದು. 4ಜಿ, 5ಜಿ ರೂಟರ್‌ಗಳಲ್ಲಿ ಲೈನ್‌ನ ವೇಗ ಗಳಿಗೆಗೊಂದು ಬಗೆ ಇರುವುದರಿಂದ ಒಂದೇ ಅಂಕಿ ಬರೆದಿಡುವುದು ಅಷ್ಟಾಗಿ ಒಗ್ಗುವುದಿಲ್ಲ.

ಇನ್ನೊಂದು ತೊಡಕು ಪ್ರೊಸೆಸರ್‌ನದು. ಹೆಚ್ಚಿನ ರೂಟರ್‌ಗಳು ಪ್ಯಾಕೆಟ್‌ಗಳನ್ನು ಪ್ರತ್ಯೇಕ ಚಿಪ್‌ನ ಸಹಾಯದಿಂದ ಅಡ್ಡದಾರಿಯಲ್ಲಿ ದಾಟಿಸುತ್ತವೆ. ಕ್ಯುಒಎಸ್ ಚಾಲೂ ಮಾಡಿದರೆ ಅನೇಕ ಮಾದರಿಗಳಲ್ಲಿ ಆ ಅಡ್ಡದಾರಿ ಮುಚ್ಚಿ ಪ್ರತಿ ಪ್ಯಾಕೆಟ್‌ ಮುಖ್ಯ ಪ್ರೊಸೆಸರ್ ಮೂಲಕವೇ ಹೋಗಬೇಕಾಗುತ್ತದೆ. ಗಿಗಾಬಿಟ್ ಲೈನ್ ಇದ್ದ ಮನೆಯಲ್ಲಿ ವೇಗ ಅರ್ಧಕ್ಕಿಂತ ಕೆಳಗೆ ಬೀಳುವುದಕ್ಕೆ ಇದು ಕಾರಣ.

ವೈಫೈಯೊಳಗಿನ ಸರದಿ

ಹೊರಗಿನ ಲೈನ್ ಸರಿಯಿದ್ದೂ ಕರೆ ಕಡಿಯುತ್ತಿದ್ದರೆ ಸಾಲು ವೈಫೈಯಲ್ಲಿದೆ ಎಂದು ತಿಳಿಯಬಹುದು. ಅಲ್ಲಿ ಆದ್ಯತೆಗೆ ಡಬ್ಲ್ಯುಎಂಎಂ ಎಂಬ ಬೇರೆಯೇ ಏರ್ಪಾಡು ಇದೆ: ಧ್ವನಿ, ದೃಶ್ಯ, ಸಾಮಾನ್ಯ, ಹಿನ್ನೆಲೆ ಎಂಬ ನಾಲ್ಕು ವರ್ಗ. ಮೇಲಿನ ವರ್ಗದ ಪ್ಯಾಕೆಟ್ ಗಾಳಿಗೆ ಇಳಿಯುವ ಮುನ್ನ ಕಡಿಮೆ ಹೊತ್ತು ಕಾಯುತ್ತದೆ. ಇದನ್ನು ನಿಲ್ಲಿಸಿದರೆ ವೇಗ ಹೆಚ್ಚುತ್ತದೆಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದು ತಪ್ಪು. 802.11ಎನ್ ಮತ್ತು ಆಮೇಲಿನ ವೈಫೈಗೆ ಡಬ್ಲ್ಯುಎಂಎಂ ಅನಿವಾರ್ಯ, ನಿಲ್ಲಿಸಿದರೆ ವೇಗ 54 ಎಂಬಿಪಿಎಸ್‌ಗೆ ಕುಸಿಯಬಹುದು. ಒಂದು ಎಡವಟ್ಟು ಮಾತ್ರ ಬಹುಕಾಲ ಉಳಿದುಬಂತು. ಅನೇಕ ಸಾಧನಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ಮಾತ್ರ ನೋಡಿ ವರ್ಗ ನಿರ್ಧರಿಸುತ್ತಿದ್ದವು. ಧ್ವನಿಯ ಗುರುತು 46ರ ಮೊದಲ ಮೂರು ಬಿಟ್‌ಗಳ ಬೆಲೆ 5, ವೈಫೈಯಲ್ಲಿ 5 ಎಂದರೆ ದೃಶ್ಯ. ಹೀಗೆ ಧ್ವನಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. ಇದನ್ನು ತಿದ್ದುವ ಹೊಂದಾಣಿಕೆಯನ್ನು 2018ರ ಆರ್‌ಎಫ್‌ಸಿ 8325 ಸೂಚಿಸಿತು.

ಆದ್ಯತೆಯ ಬದಲು ನ್ಯಾಯ

2010ರಲ್ಲಿ ಎಕ್ಸ್ ವಿಂಡೋ ವ್ಯವಸ್ಥೆಯ ಮೂಲ ಕರ್ತೃಗಳಲ್ಲೊಬ್ಬರಾದ ಜಿಮ್ ಗೆಟಿಸ್, ತಮ್ಮ ಮನೆಯಿಂದ ದೊಡ್ಡ ಫೈಲ್‌ಗಳನ್ನು ಕಳಿಸುವಾಗಲೆಲ್ಲ ವಿಳಂಬ ಸೆಕೆಂಡನ್ನೂ ದಾಟುತ್ತಿದ್ದುದನ್ನು ಬೆನ್ನಟ್ಟಿ ಹೋದರು. ಮೆಮೊರಿ ಅಗ್ಗವಾದ ಮೇಲೆ ತಯಾರಕರು ಪ್ಯಾಕೆಟ್ ಕಳೆದುಹೋಗಬಾರದೆಂದು ಎಲ್ಲ ಕಡೆ ಅತಿಯಾದ ಬಫರ್ ತುಂಬಿದ್ದಾರೆ ಎಂಬುದು ಹೊರಬಂತು. ಪ್ಯಾಕೆಟ್ ಕಳೆಯದಿದ್ದರೆ ಟಿಸಿಪಿಗೆ ದಟ್ಟಣೆಯ ಸೂಚನೆಯೇ ಸಿಗುವುದಿಲ್ಲ, ಅದು ಕಳಿಸುತ್ತಲೇ ಇರುತ್ತದೆ. ಈ ದೋಷಕ್ಕೆ ಗೆಟಿಸ್ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಡೇವ್ ಟಾಟ್ ಅವರೊಂದಿಗೆ ಸೇರಿ ಇದರ ವಿರುದ್ಧ ಮುಕ್ತ ತಂತ್ರಾಂಶದ ಒಂದು ಚಳವಳಿಯನ್ನೇ ಕಟ್ಟಿದರು. ಟಾಟ್ 2025ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ತೊಡಗಿದ್ದರು.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್‌ಸನ್ ಕೋಡೆಲ್ ವಿಧಾನವನ್ನು ಪ್ರಕಟಿಸಿದರು. ಸಾಲು ಎಷ್ಟು ಉದ್ದವಿದೆ ಎಂದು ಅದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ನಿಂತಿತು ಎಂದು ನೋಡುತ್ತದೆ. 100 ಮಿಲಿಸೆಕೆಂಡಿನ ಅವಧಿಯುದ್ದಕ್ಕೂ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಪ್ಯಾಕೆಟ್ ಬಿಡತೊಡಗುತ್ತದೆ. ನೇಗಲ್ ಹೇಳಿದ್ದ ಪ್ರತ್ಯೇಕ ಸಾಲುಗಳನ್ನು ಇದಕ್ಕೆ ಜೋಡಿಸಿದ್ದು ಎಫ್‌ಕ್ಯು-ಕೋಡೆಲ್. ಅದರಲ್ಲಿ ಯಾರೂ ಹಂತ ಹಚ್ಚಬೇಕಿಲ್ಲ. ಆಗೊಮ್ಮೆ ಈಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸುವ ಕರೆಯ ಸಾಲು ಬಹುತೇಕ ಖಾಲಿ ಇರುವುದರಿಂದ ಅದು ತಾನಾಗಿ ಮುಂದೆ ಹೋಗುತ್ತದೆ, ಎಡೆಬಿಡದೆ ಸುರಿಯುವ ಡೌನ್‌ಲೋಡ್ ತನ್ನ ಸಾಲಿನಲ್ಲೇ ಕಾಯುತ್ತದೆ. 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿದ ಕೇಕ್ ಇನ್ನೂ ಮುಂದೆ ಹೋಗಿ ಮನೆಯ ಸಾಧನಗಳ ನಡುವೆಯೂ ಸಮಪಾಲು ಮಾಡಿತು, ಒಂದು ಯಂತ್ರ ಐವತ್ತು ಸಂಪರ್ಕ ತೆರೆದರೂ ಒಬ್ಬರ ಪಾಲಷ್ಟೇ ಸಿಗುವಂತೆ. ಕೇಕ್‌ನಲ್ಲೂ ಧ್ವನಿಗೆ ಮೇಲಿನ ಹಂತವಿದೆ. ಆದರೆ ಆ ಹಂತ ಲೈನ್‌ನ ಕಾಲು ಭಾಗ ಮೀರಿದರೆ ಆದ್ಯತೆ ಕಳೆದುಕೊಳ್ಳುತ್ತದೆ, ಹಾಗಾಗಿ ಮೋಸಕ್ಕೆ ಆಸ್ಪದ ಕಡಿಮೆ.

ಕರ್ನಾಟಕದ ಕೊಡುಗೆ ಇರುವುದು ಇಲ್ಲೇ. ಸಿಸ್ಕೊ ಕಂಪನಿಯ ಎಂಜಿನಿಯರುಗಳು 2013ರಲ್ಲಿ ಪೈ ಎಂಬ ಇನ್ನೊಂದು ವಿಧಾನ ರೂಪಿಸಿದ್ದರು. ಅದಕ್ಕೆ ನ್ಯಾಯದ ಸರದಿಯನ್ನು ಬೆಸೆದ ಎಫ್‌ಕ್ಯು-ಪೈಯನ್ನು ಲಿನಕ್ಸ್‌ಗೆ ಬರೆದುಕೊಟ್ಟವರು ಸುರತ್ಕಲ್‌ನ ಎನ್‌ಐಟಿಕೆಯ ಪ್ರಾಧ್ಯಾಪಕ ಮೋಹಿತ್ ತಾಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು. 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 5.6ರಲ್ಲಿ ಅದು ಸೇರಿತು. ಅರಬ್ಬೀ ಸಮುದ್ರದ ದಂಡೆಯ ಒಂದು ಕಾಲೇಜಿನಲ್ಲಿ ಬರೆದ ಸಂಕೇತ ಹೀಗೆ ಜಗತ್ತಿನ ಯಾವುದೇ ಲಿನಕ್ಸ್ ರೂಟರ್‌ಗೆ ಲಭ್ಯವಾಗಿದೆ. ಇದು ಕನ್ನಡ ನಾಡಿನಲ್ಲಿ ಇನ್ನಷ್ಟು ಜನರಿಗೆ ತಿಳಿಯಬೇಕಾದ ಸಂಗತಿ.

ಇಂದು ಹೊಸದಾಗಿ ಹೊಂದಿಸುವವರು ರೂಟರ್‌ನಲ್ಲಿ ಎಫ್‌ಕ್ಯು-ಕೋಡೆಲ್, ಕೇಕ್ ಅಥವಾ ಎಸ್‌ಕ್ಯುಎಂ ಎಂಬ ಆಯ್ಕೆ ಇದ್ದರೆ ಅದನ್ನೇ ಹಿಡಿದು, ಹಂತಗಳ ಪಟ್ಟಿಯನ್ನು ಮುಟ್ಟದಿರುವುದು ಲೇಸು. ಆಯ್ಕೆ ಇಲ್ಲದ ಹಳೆಯ ರೂಟರ್‌ನಲ್ಲಿ, ಅಥವಾ ಕಿರಿದಾದ ಲೈನ್‌ನಲ್ಲಿ ಒಂದು ಕರೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕಾದಾಗ ಹಂತಗಳೇ ಆಧಾರ.

ಕಾನೂನಿನ ನೆಲೆ

ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರ ಫೆಬ್ರುವರಿಯಲ್ಲಿ ಡೇಟಾಗೆ ತಾರತಮ್ಯದ ದರ ವಿಧಿಸುವುದನ್ನು ನಿಷೇಧಿಸಿತು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನೆಟ್ ನ್ಯೂಟ್ರಾಲಿಟಿ ತತ್ವವನ್ನು ಒಪ್ಪಿಕೊಂಡಿತು. ಈ ಕಟ್ಟು ಇರುವುದು ಸೇವಾ ಸಂಸ್ಥೆಗಳಿಗೆ. ಒಂದು ಜಾಲತಾಣವನ್ನು ಮುಂದೆ ಬಿಟ್ಟು ಇನ್ನೊಂದನ್ನು ತಡೆಯುವ ಹಕ್ಕು ಅವಕ್ಕಿಲ್ಲ. ತನ್ನ ಮನೆಯ ರೂಟರ್‌ನಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂದು ನಿರ್ಧರಿಸುವುದು ಗ್ರಾಹಕನ ಸ್ವಂತ ವಿಚಾರ. ಸೇವಾ ಸಂಸ್ಥೆ ಕೊಟ್ಟ ಫೈಬರ್ ಪೆಟ್ಟಿಗೆಯಲ್ಲಿ ಆ ಸೆಟ್ಟಿಂಗ್‌ಗಳನ್ನು ಮುಚ್ಚಿಟ್ಟಿದ್ದರೆ, ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿಕೊಂಡು ತನ್ನದೇ ರೂಟರನ್ನು ಮುಂದೆ ಜೋಡಿಸಬಹುದು.